ಎಂಟು ತಿಂಗಳ ಮಗಳೊಂದಿಗೆ ಕಡಲತೀರಕ್ಕೆ
ಬೆಳಗಾವಿಯವರಿಗೆ ಗೋವಾ ಹತ್ತಿರವೇ. ಆದರೆ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಚೋರ್ಲಾ ಘಾಟಿನ ತಿರುವುಗಳನ್ನು ಇಳಿಯಬೇಕೆಂದಾಗ ಅದೇ ದಾರಿ ದೂರವೆನಿಸಿತು. ಗದ್ದಲದ ಬಾಗಾ, ಕಲಂಗುಟ್‌ಗಳನ್ನು ಬಿಟ್ಟು, ದಕ್ಷಿಣ ಗೋವಾದ ವರ್ಕಾ, ಕಾವೆಲೊಸಿಂ ಕಡೆಯ ಐಷಾರಾಮಿ ರೆಸಾರ್ಟ್‌ಗಳನ್ನಷ್ಟೇ ಪರಿಶೀಲಿಸಿದೆವು. ಈಜುಕೊಳದ ಚಿತ್ರಗಳಿಗೆ ಮರುಳಾಗದೆ, ಪ್ರತಿಯೊಂದಕ್ಕೂ ಫೋನ್ ಮಾಡಿ, ಕೋಣೆಯಲ್ಲಿ ತೊಟ್ಟಿಲು ಇಡುವರೇ, ಹಾಲಿನ ಬಾಟಲಿಗೆ ನೀರು ಕುದಿಸಲು ಕೆಟಲ್ ಇದೆಯೇ, ಉಪ್ಪು ಖಾರವಿಲ್ಲದ ಮೆತ್ತನೆಯ ಅನ್ನ-ಬೇಳೆಯನ್ನು ಕೇಳಿದ ಹೊತ್ತಿಗೆ ಮಾಡಿಕೊಡುವರೇ, ರಾತ್ರಿಯ ಸಂಗೀತದ ಸದ್ದು ಕೋಣೆಯವರೆಗೂ ಬರುವುದೇ ಎಂದು ವಿಚಾರಿಸಿದೆ. ಒಂದು ಕಡೆ ತೊಟ್ಟಿಲಿಗೂ ಪ್ರತ್ಯೇಕ ಬಾಡಿಗೆ ಹೇಳಿದರು; ಅಷ್ಟು ದುಬಾರಿ ಕೋಣೆಗೆ ಅದು ಸಣ್ಣತನವೆಂದೇ ನನಗೆ ಕಂಡಿತು. ಮಳೆಗಾಲದಲ್ಲಿ ದರ ಇಳಿದಿದ್ದರೂ ಸಮುದ್ರ ಒರಟಾಗಿರುವುದರಿಂದ ಡಿಸೆಂಬರ್ ತಿಂಗಳನ್ನೇ ಆರಿಸಿ, ನೆಲಮಹಡಿಯಲ್ಲಿ ನೆರಳಿನ ವರಾಂಡವಿರುವ ಕೋಣೆಯೊಂದನ್ನು ಕಾಯ್ದಿರಿಸಿದೆವು.