ನಮ್ಮ ಟವರಿನಲ್ಲಿ ‘ಮಹಡಿ’ ಅಂದರೆ ಯಾವುದು?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಎರಡು ಟವರ್, ಒಂದೊಂದರಲ್ಲೂ 18 ಫ್ಲೋರ್. ಹೋದ ವರ್ಷ ಫೈರ್ ಡ್ರಿಲ್ ಮಾಡಿದಾಗ ಆದದ್ದನ್ನು ಹೇಳಲೇಬೇಕು, ಇದೇ ಕೆಲಸದಲ್ಲಿರುವ ಬೇರೆಯವರಿಗೂ ಬೇಕಾಗುತ್ತದೆ.

ನೋಟಿಸ್ ನಾನೇ ಬರೆದಿದ್ದೆ. ‘ಬಹುಮಹಡಿ ವಸತಿ ಸಮುಚ್ಚಯದ ನಿವಾಸಿಗಳ ಗಮನಕ್ಕೆ’ ಅಂತ ಶುರು. ಬೆಲ್ ಹೊಡೆದ ಕೂಡಲೇ ಮಹಡಿ ಬಿಟ್ಟು ಮೆಟ್ಟಿಲಿನಲ್ಲಿ ಕೆಳಗೆ ಬನ್ನಿ ಅಂತ ಮೈಕಿನಲ್ಲೂ ಹೇಳಿಸಿದೆ. ಗೇಟಿನ ಹತ್ತಿರ ತಲೆ ಎಣಿಸಿದರೆ ಹೌಸ್‌ಕೀಪಿಂಗಿನವರಲ್ಲಿ ಒಬ್ಬರು ಕಡಿಮೆ. ಹತ್ತಿ ಹೋಗಿ ನೋಡಿದರೆ 11ನೇ ಫ್ಲೋರಿನ ಲಾಬಿಯಲ್ಲಿ ಅಕ್ಕ ನೆಲ ಒರೆಸುತ್ತಿದ್ದರು. ಬೆಂಕಿ ಬಿದ್ದಾಗ ಹೊಗೆ ಮೆಟ್ಟಿಲಿಗೆ ಬರದ ಹಾಗೆ ತಡೆಯುವ ಫೈರ್ ಡೋರ್ ಮುಚ್ಚಿಕೊಳ್ಳದ ಹಾಗೆ ನೀರಿನ ಬಕೆಟ್ ಅಡ್ಡ ಇಟ್ಟಿದ್ದರು.

‘ಯಾಕಕ್ಕಾ, ಇಳೀಲಿಲ್ವಾ?’

‘ನಾನು ಮಹಡಿ ಮೇಲೆ ಇರ್ಲಿಲ್ವಲ್ಲ ಸಾರ್, ಇಲ್ಲೇ ಇದ್ದೆ.’

ಅವರಿಗೆ ಮಹಡಿ ಅಂದರೆ ಟೆರೇಸು. ತಪ್ಪೇನಿಲ್ಲ, ನಮ್ಮ ಮನೆಯಲ್ಲೂ ‘ಮಹಡಿ ಮೇಲೆ ಬಟ್ಟೆ ಒಣಗಿಹಾಕು’ ಅಂತಾನೇ ಅನ್ನೋದು ಅಲ್ವಾ. ಇನ್ನು ‘ನಿವಾಸಿ’ ಅಂದರೆ ಫ್ಲ್ಯಾಟಿನವರು, ನಮಗಲ್ಲ ಅಂತ ಉಳಿದ ಕೆಲಸದವರೂ ಅಂದುಕೊಂಡಿದ್ದರಂತೆ. ಸೆಕ್ಯುರಿಟಿಯವರು ಕೂಗಿ ಕರೆದರು ಅಂತ ಇಳಿದು ಬಂದರು, ಅಷ್ಟೇ.

‘ಗಗನಚುಂಬಿ’ ಅನ್ನೋ ಪದದ್ದೂ ಇದೇ ತೊಂದರೆ. ಅದನ್ನು ಕೇಳಿದರೆ ಮುಂಬೈಯ 50, 60 ಫ್ಲೋರಿನ ಕಟ್ಟಡ ಕಣ್ಣ ಮುಂದೆ ಬರುತ್ತದೆ, ನಮ್ಮದು ಅಷ್ಟು ಎತ್ತರ ಇಲ್ಲವಲ್ಲ ಅಂತ ಜನ ಸುಮ್ಮನಾಗುತ್ತಾರೆ. ಆದರೆ 2016ರ ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ 15 ಮೀಟರ್ ಎತ್ತರ ಇದ್ದರೆ ಸಾಕು, ಅದು ಹೈರೈಸ್ (ಎತ್ತರದ ಕಟ್ಟಡ). ಅಂದರೆ ಸುಮಾರು ಐದು ಫ್ಲೋರು. 2010ರ ಫೆಬ್ರವರಿಯಲ್ಲಿ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಅದು ಆಫೀಸುಗಳ ಕಟ್ಟಡ, ಮುಗಿಲು ಮುಟ್ಟುವಂಥದ್ದೇನೂ ಅಲ್ಲ. ಮೆಟ್ಟಿಲಿಗೆಲ್ಲ ಹೊಗೆ ತುಂಬಿ ಜನಕ್ಕೆ ಇಳಿಯೋಕೆ ಆಗಲಿಲ್ಲ. ಬಾಗಿಲಿಗೆ ಅಡ್ಡ ಇಟ್ಟಿದ್ದ ಆ ಬಕೆಟ್ ನೋಡಿ ನನಗೆ ಅದೇ ನೆನಪಾಗಿ ಎದೆ ಧಸಕ್ಕೆಂದಿತ್ತು.

ಮಾರನೇ ದಿನ ನಾಲ್ಕು ಜನ ಕೆಲಸದವರನ್ನು ಕೂರಿಸಿಕೊಂಡು ನೋಟಿಸ್ ಪೂರ್ತಿ ತಿರುಗಿ ಬರೆದೆ. ಅವರು ಏನಂತಾರೋ ಅದೇ ಪದ. ಫೈರ್ ಡೋರಿಗೆ ಅವರೆಲ್ಲ ‘ದಪ್ಪ ಬಾಗಿಲು’ ಅಂತಾರೆ, ಹಾಗೇ ಹಾಕಿದೆ: ‘ಟವರ್ ಒಳಗೆ ಯಾರೇ ಇರಲಿ, ಯಾವ ಫ್ಲೋರಲ್ಲೇ ಇರಲಿ, ಬೆಲ್ ಹೊಡೆದರೆ ಕೆಲಸ ಬಿಡಿ. ಲಿಫ್ಟ್ ಬೇಡ. ಮೆಟ್ಟಿಲಲ್ಲಿ ಇಳಿದು ಗೇಟ್ ಹತ್ತಿರ ಬನ್ನಿ. ದಪ್ಪ ಬಾಗಿಲಿಗೆ ಏನೂ ಅಡ್ಡ ಇಡಬೇಡಿ, ಹೊಗೆ ಮೆಟ್ಟಿಲಿಗೆ ಬರುತ್ತದೆ.’ ಓದೋಕೆ ಬಾರದವರಿಗೆ ಬಾಯಲ್ಲಿ ಹೇಳಿ, ಅವರಿಂದಲೇ ಒಂದು ಸಲ ಹೇಳಿಸಿಕೊಂಡೆವು.

ಮುಂದಿನ ಡ್ರಿಲ್‌ನಲ್ಲಿ ಅಕ್ಕ ಎಲ್ಲರಿಗಿಂತ ಮೊದಲೇ ಗೇಟಿಗೆ ಬಂದಿದ್ದರು. ಬಂದವರೇ ಕೇಳಿದರು: ‘ಬೇಸ್‌ಮೆಂಟಲ್ಲಿ ಡ್ರೈವರ್‌ಗಳು ಕಾರೊಳಗೆ ಎಸಿ ಹಾಕ್ಕೊಂಡು ಮಲಗಿರ್ತಾರಲ್ಲ ಸಾರ್, ಅವರಿಗೆ ಬೆಲ್ ಕೇಳುತ್ತಾ?’

ಇಳಿದು ಹೋಗಿ ನೋಡಿದೆ. ಇಬ್ಬರು ಗಾಢ ನಿದ್ದೆಯಲ್ಲಿದ್ದರು.