ಯಾರು ಕೊಟ್ರು, ಯಾರು ತಗೊಂಡ್ರು

ಶಾಖದ ಲೆಕ್ಕ ಅಂದ್ರೆ ನಮ್ಮ ಫಿಸಿಕ್ಸ್ ಮೇಷ್ಟ್ರು ಫಾರ್ಮುಲಾ ಬರೆಯೋಕೆ ಬಿಡ್ತಾನೇ ಇರ್ಲಿಲ್ಲ. ಮೊದ್ಲು ಹಾಳೆ ಮಧ್ಯ ಒಂದು ಗೆರೆ, ಎಡಗಡೆ ಶಾಖ ಕೊಡೋರು, ಬಲಗಡೆ ತಗೊಳ್ಳೋರು, ಇಷ್ಟು ಬರೆದ್ಮೇಲೇನೇ ಮುಂದಕ್ಕೆ. ಬಲಗಡೆ ನೀರು ಅಂತ ಮಾತ್ರ ಬರೆದ್ರೆ ಸುಮ್ನೆ ನಿಂತು ನೋಡೋರು, ನೀರು ಹಾಕಿರೋ ಪಾತ್ರೆ, ಅಂದ್ರೆ ಕ್ಯಾಲೊರಿಮೀಟರ್ ಕೂಡ ಬಿಸಿ ಆಗುತ್ತಲ್ವಾ, ಅದೂ ತಗೊಳ್ಳುತ್ತೆ ಅಂತ ನಮಗೇ ಹೊಳೆಯೋವರೆಗೆ.

ಲ್ಯಾಬಲ್ಲಿ ಇದೇ ಲೆಕ್ಕ ಕಣ್ಣೆದುರಿಗೆ ನಡೀತಿತ್ತು. 100 ಗ್ರಾಂ ಕಬ್ಬಿಣದ ಗುಂಡನ್ನ 100 ಡಿಗ್ರಿಗೆ ಕಾಯಿಸಿ, 60 ಗ್ರಾಂ ತಾಮ್ರದ ಕ್ಯಾಲೊರಿಮೀಟರಲ್ಲಿ 25 ಡಿಗ್ರಿಯ 150 ಗ್ರಾಂ ನೀರಿಗೆ ಹಾಕ್ತೀವಿ ಅಂದ್ಕೊಳ್ಳಿ, ಕೊನೆಗೆ 29.8ಕ್ಕೆ ನಿಲ್ಲುತ್ತೆ. ನೀರಿನ ವಿಶಿಷ್ಟ ಉಷ್ಣ (ಒಂದು ಕೆಜಿ ವಸ್ತು ಒಂದು ಡಿಗ್ರಿ ಬಿಸಿ ಆಗೋಕೆ ಬೇಕಾದ ಶಾಖ, ಜೌಲ್‌ಗಳಲ್ಲಿ) 4200, ತಾಮ್ರದ್ದು 390 ಅಂತ ಹಾಕಿದ್ರೆ ಕಬ್ಬಿಣಕ್ಕೆ ಸುಮಾರು 447 ಬರುತ್ತೆ, ಪುಸ್ತಕದಲ್ಲಿರೋ 450ರ ಪಕ್ಕದಲ್ಲೇ. ತಾಮ್ರ ಬಿಟ್ಟುಬಿಟ್ರೆ 431ಕ್ಕೆ ಇಳಿಯುತ್ತೆ. ಇನ್ನೊಂದು ವಿಷಯ ನೋಡಿ, ನೀರು ಏರಿದ್ದು ಬರೀ 4.8 ಡಿಗ್ರಿ, ಹಾಗಾಗಿ ಥರ್ಮಾಮೀಟರ್ ಓದೋದ್ರಲ್ಲಿ 0.2 ಡಿಗ್ರಿ ಹೆಚ್ಚಾದ್ರೂ ಉತ್ತರ 467ಕ್ಕೆ ಹಾರುತ್ತೆ! ಗುಂಡು ಎತ್ತಿ ಹಾಕೋವಾಗ ಯಾಕೆ ಅಷ್ಟು ಅವಸರ, ಕಲಕೋದು ಯಾಕೆ ನಿಲ್ಲಿಸಬಾರದು, ಕಣ್ಣು ಯಾಕೆ ಪಾದರಸದ ನೇರಕ್ಕೇ ಇರಬೇಕು ಅನ್ನೋದು ಈ ಅಂಕಿಗಳಿಂದಾನೇ ನಂಗೆ ಗಟ್ಟಿಯಾಗಿ ಕೂತಿದ್ದು.

ನೀರನ್ನ ರೂಮಿನ ಉಷ್ಣತೆಗಿಂತ ಒಂದೆರಡು ಡಿಗ್ರಿ ತಣ್ಣಗಿಟ್ಟು ಶುರು ಮಾಡಿ ಅನ್ನೋರು. ಮೊದಲರ್ಧದಲ್ಲಿ ಸುತ್ತಲಿಂದ ಒಳಗೆ ಬಂದ ಶಾಖ, ಆಮೇಲೆ ಹೊರಗೆ ಹೋಗೋ ಶಾಖಕ್ಕೆ ಹೆಚ್ಚುಕಮ್ಮಿ ವಜಾ ಆಗುತ್ತೆ. ಎಷ್ಟು ಸರಳ, ಎಷ್ಟು ಚಂದದ ಉಪಾಯ ಅಂತ ಈಗಲೂ ಅನ್ಸುತ್ತೆ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಐಸಿನ ಪ್ರಯೋಗ. ಐಸ್ ತುಂಡನ್ನ ಬ್ಲಾಟಿಂಗ್ ಪೇಪರಲ್ಲಿ ಒತ್ತಿ, ಬೆರಳು ತಾಗಿಸ್ದೆ ನೀರಿಗೆ ಬಿಡಬೇಕು, ಅದು ಕರಗೋ ತನಕ ಕಲಕ್ತಾ ಇರಬೇಕು, ಕೊನೆಗೆ ಮತ್ತೆ ತೂಗಿ ಎಷ್ಟು ಐಸ್ ಸೇರ್ತು ಅಂತ ಕಂಡ್ಕೋಬೇಕು. ಸರಿಯಾಗಿ ಒರೆಸದೆ 20 ಗ್ರಾಮಲ್ಲಿ 2 ಗ್ರಾಂ ಆಗ್ಲೇ ನೀರಾಗಿದ್ರೆ, ಗ್ರಾಮಿಗೆ 334 ಜೌಲ್ ಬರಬೇಕಾದ ಗುಪ್ತೋಷ್ಣ (ಉಷ್ಣತೆ ಏರದೆ ಬರೀ ಕರಗೋಕೆ ಬೇಕಾದ ಶಾಖ) 300ರ ಹತ್ರಕ್ಕೆ ಬೀಳುತ್ತೆ, ಯಾಕಂದ್ರೆ ಆ 2 ಗ್ರಾಂ ಕರಗೋಕೆ ಬೇಕಾದ ಶಾಖ ಹೊರಗಡೆಯೇ ತಗೊಂಡು ಬಂದಿರುತ್ತೆ. ಕರಗೋವಾಗ ಐಸಿನೊಳಗೆ ಶಾಖ ಹೋಗ್ತಾನೇ ಇದ್ರೂ ಉಷ್ಣತೆ ಏರಲ್ಲ ಅನ್ನೋದನ್ನ 1760ರ ದಶಕದಲ್ಲಿ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ವಿವರಿಸಿದ್ರು, ಆಮೇಲೆ ಫ್ರೆಂಚ್ ವಿಜ್ಞಾನಿಗಳಾದ ಲವಾಸಿಯೇ ಮತ್ತು ಲಾಪ್ಲಾಸ್ ಕರಗಿದ ಐಸಿನ ನೀರನ್ನ ತೂಗಿಯೇ ಶಾಖ ಅಳೆದ್ರು ಅಂತ ಮೇಷ್ಟ್ರು ಹೇಳ್ತಿದ್ದಾಗ ಇಡೀ ಲ್ಯಾಬ್ ಕೆಲಸ ಬಿಟ್ಟು ಕೇಳ್ತಿತ್ತು.

ಈಗ ನಮ್ಮ ಆ ಲ್ಯಾಬಲ್ಲಿ ಕಲೀತಿರೋ ತಮ್ಮ ತಂಗಿಯರಿಗೆ ಒಂದು ಕೋರಿಕೆ: ರೆಕಾರ್ಡ್ ಬರೆಯೋವಾಗ ಒರೆಸಿದ ಐಸಲ್ಲಿ ಒಂದು ಸಲ, ಒರೆಸದ ಐಸಲ್ಲಿ ಒಂದು ಸಲ ಮಾಡಿ, ಎರಡು ಉತ್ತರವನ್ನೂ ಅಕ್ಕಪಕ್ಕ ಬರೀರಿ.