ಪುಕ್ಕಟೆ ಹಾಕಿಕೊಟ್ಟ ಸೆಲ್ಲು

ಬೆಳಗಾವಿಯಲ್ಲಿ ಗಣಪತಿ ಹಬ್ಬಕ್ಕೆ ಒಂದು ತಿಂಗಳು ಉಳಿದಿದೆ ಅಂದರೆ ನಮ್ಮಂಥ ರಿಪೇರಿ ಅಂಗಡಿಯವರಿಗೆ ಊಟದ ಹೊತ್ತು ಗೊತ್ತಾಗುವುದಿಲ್ಲ. ಮಂಡಳದವರ ಆಂಪ್ಲಿಫೈಯರ್, ಸುಟ್ಟ ಸ್ಪೀಕರ್, ಮಳೆ ನೀರು ಕುಡಿದ ಮಿಕ್ಸರ್, ಎಲ್ಲ ಒಂದೇ ಸಲ ಬರುತ್ತವೆ. ಅಂಥ ಒಂದು ಮಧ್ಯಾಹ್ನ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಬಂದು ಕೌಂಟರ್ ಮೇಲೆ ಬೂದು ಬಣ್ಣದ ಡಬ್ಬಿ ಇಟ್ಟ. ಜಾತ್ರೆಯಲ್ಲಿ ಮಾರುವ ಬ್ರಿಕ್ ಗೇಮ್ ಅಂದುಕೊಂಡೆ.

"ತಮ್ಮಾ, ಇದಕ್ಕ್ಯಾಕ ರಿಪೇರಿ ಖರ್ಚ? ಹೊಸಾದ್ ತೊಗೊ" ಅಂದೆ.

"ಅಣ್ಣಾರ, ಇದು ಆಟದ ಸಾಮಾನ ಅಲ್ರಿ. ನನ್ನ ಪೇಟಿ."

ಅದು ನಿಂಟೆಂಡೊ ಕಂಪನಿಯ ಗೇಮ್ ಬಾಯ್, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್. 1989ರಲ್ಲಿ ಬಂದ ಮಾದರಿ, ನಾಲ್ಕು ಪೆನ್ಸಿಲ್ ಸೆಲ್ ಮೇಲೆ ನಡೆಯುತ್ತದೆ. ಅವನ ಮಾವ ದುಬೈಯಿಂದ ತಂದಿದ್ದಂತೆ, ಅಟ್ಟದ ಮೇಲೆ ಬಿದ್ದಿತ್ತಂತೆ. ಹೆಡ್‌ಫೋನ್ ನನ್ನ ಕಿವಿಗೆ ಸಿಕ್ಕಿಸಿ ಬಟನ್ ಒತ್ತಿದ. ಕರಡಿ ಮಜಲಿನ ಗತ್ತು, ಅದರ ಮೇಲೆ ಚುರುಕಾದ ಒಂದು ರಾಗ. ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ ಕೆಳಗಿಟ್ಟು ಪೂರ್ತಿ ಕೇಳಿದೆ.

ಪರದೆ ಮೇಲೆ ಚಿತ್ರ ಏನೂ ಇರಲಿಲ್ಲ. ಬರೀ ಅಂಕಿ, ಅಕ್ಷರ, ಸಾಲು ಸಾಲಾಗಿ. ಕಿರಾಣಿ ಅಂಗಡಿಯ ಖಾತೆ ಪುಸ್ತಕ ತೆರೆದ ಹಾಗೆ. ಲಿಟಲ್ ಸೌಂಡ್ ಡಿಜೆ ಅನ್ನುವ, ಹಾಡು ಕಟ್ಟುವ ಪ್ರೋಗ್ರಾಂ ಅದು, ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ ಮಾಡಿದ್ದು. ಗೇಮ್ ಬಾಯ್‌ಗೆ ಇರುವುದು ನಾಲ್ಕೇ ದನಿ. ಎರಡರಲ್ಲಿ ಚೌಕ ಅಲೆ ಬರುತ್ತದೆ. ಮೂರನೆಯದಕ್ಕೆ ಅಲೆಯ ಆಕಾರವನ್ನು ನಾವೇ ಕೊಡಬೇಕು: 32 ಮೆಟ್ಟಿಲು, ಪ್ರತಿ ಮೆಟ್ಟಿಲಿನ ಎತ್ತರ 0ಯಿಂದ 15ರೊಳಗೆ. ನಾಲ್ಕನೆಯದು ಸುಮ್ನೆ ಸರ್ ಅನ್ನುವ ಸದ್ದು. ಒಂದು ದನಿಗೆ ಒಂದು ಹೊತ್ತಿಗೆ ಒಂದೇ ಸ್ವರ. ಹಾಗಾದರೆ ಮೂರು ಸ್ವರ ಒಟ್ಟಿಗೆ ಹೇಗೆ ಕೇಳಿಸ್ತಿವೆ ಅಂತ ಕೇಳಿದೆ. ಮೂರನ್ನೂ ಕಣ್ಣು ಮಿಟುಕಿಸುವುದರೊಳಗೆ ಒಂದಾದ ಮೇಲೊಂದು ತಿರುಗಿಸ್ತಾನಂತೆ. ಕಿವಿ ಮೋಸ ಹೋಗುತ್ತದೆ. ಮೂವತ್ತು ವರ್ಷ ಸದ್ದಿನ ಜೊತೆಗೇ ಬದುಕಿದವನು ನಾನು, ನನ್ನ ಕಿವಿಯೂ ಮೋಸ ಹೋಯಿತು.

ದೂರು ಮೂರು. ಪರದೆಯಲ್ಲಿ ನಾಲ್ಕೈದು ಉದ್ದ ಗೆರೆ ಮಾಯವಾಗಿದ್ದವು. ಹೆಡ್‌ಫೋನ್‌ನಲ್ಲಿ ಗುಂಯ್ ಅನ್ನುತ್ತಿತ್ತು, ಸ್ಟೇಜ್ ಮೇಲೆ ಬಾರಿಸಲು ಬೇರೆ ಔಟ್‌ಪುಟ್ ಬೇಕಿತ್ತು. ಮೂರನೆಯದನ್ನು ಅವನು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, "ಒಮ್ಮೊಮ್ಮೆ ಸೇವ್ ಮಾಡಿದ್ದು ಕೆಟ್ಟಿರ್ತೈತ್ರಿ."

ಮೊದಲ ಎರಡು ಸಲೀಸಾಗಿ ಆದವು. ಹಿಂದಿನ ಆರು ಸ್ಕ್ರೂ ಮೂರು ಕಾಲಿನವು, ನನ್ನ ಹತ್ತಿರ ಆ ಡ್ರೈವರ್ ಇರಲಿಲ್ಲ, ಹುಡುಗನೇ ತಂದಿದ್ದ. ಒಳಗೆ ಎರಡು ಬೋರ್ಡ್, ನಡುವೆ ಒಂದು ಪಟ್ಟಿ ಕೇಬಲ್. ಅವಸರ ಮಾಡಿ ಎಳೆದರೆ ಕಥೆ ಮುಗೀತು. ಪರದೆಯ ಕೆಳಗಿನ ಅಂಚಿನಲ್ಲಿ ಕೇಬಲ್ ಅಂಟಿಸಿದ ಜಾಗದ ಮೇಲೆ ಬಿಸಿ ಐರನ್ನನ್ನು ಮೆಲ್ಲಗೆ ಸವರಿದರೆ ಬಿಟ್ಟುಹೋದ ಗೆರೆಗಳು ವಾಪಸ್ ಬರುತ್ತವೆ. ಬಂದವು. ಔಟ್‌ಪುಟ್‌ಗೆ ವಾಲ್ಯೂಮ್ ಪಾಟ್‌ನಿಂದಲೇ ಎಡ, ಬಲ, ಗ್ರೌಂಡ್ ಮೂರು ವೈರ್ ತೆಗೆದು ಬದಿಗೆ ಆರ್‌ಸಿಎ ಸಾಕೆಟ್ ಕೂರಿಸಿದೆ. ಒಳಗಿನ ಚಿಕ್ಕ ಆಂಪ್ಲಿಫೈಯರ್‌ಗೆ ಹೋಗುವ ಮೊದಲೇ ಸದ್ದು ಹೊರಗೆ ಬರುತ್ತದೆ, ಗುಂಯ್ ಬಹಳಷ್ಟು ಕಡಿಮೆ. ಸರ್ ಅನ್ನುವುದನ್ನೂ ಒಂದು ಕೆಪಾಸಿಟರ್ ಹಾಕಿ ತೆಗೆದುಬಿಡ್ಲಾ ಅಂತ ಫೋನಿನಲ್ಲಿ ಕೇಳಿದೆ. "ಅಯ್ಯೋ ಬ್ಯಾಡ್ರಿ ಅಣ್ಣಾರ, ಅದ ನನ್ನ ಡ್ರಮ್ಮು!"

ಅಷ್ಟು ಕೇಳಿದವನಿಗೆ ಇನ್ನೊಂದು ಮಾತು ಕೇಳಲು ಹೊಳೆಯಲಿಲ್ಲ.

ಕೆಲಸ ಮುಗಿದ ಖುಷಿಯಲ್ಲಿ ಕಾರ್ಟ್ರಿಜ್ ಬಿಚ್ಚಿದೆ, ಅಂದರೆ ಪ್ರೋಗ್ರಾಂ ಇರುವ, ಹಿಂದಿನಿಂದ ಸಿಕ್ಕಿಸುವ ಚಿಕ್ಕ ಪೆಟ್ಟಿಗೆ. ಒಳಗೆ ಬಟನ್ ಸೆಲ್ ಇತ್ತು. ಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದಲ್ಲಿ 2.4. ಸೇವ್ ಕೆಡುವುದಕ್ಕೆ ಕಾರಣ ಇದೇ, ಸಿಕ್ಕಿತು ಅಂದುಕೊಂಡೆ. ಕಾರಣ ಸರಿಯೇ ಇತ್ತು. ಹಳೆಯದನ್ನು ಕಿತ್ತೆ, ಕಾಲು ಕೆರೆದು ಹೊಸದನ್ನು ಸೋಲ್ಡರ್ ಮಾಡಿದೆ. ಪಾಪ, ಓದೋ ಹುಡುಗ ಅಂತ ಅದಕ್ಕೆ ದುಡ್ಡೂ ಹಿಡಿಯಲಿಲ್ಲ, ರಸೀದಿಯಲ್ಲಿ "ಸೆಲ್ ಪುಕ್ಕಟೆ" ಅಂತ ಬೇರೆ ಬರೆದೆ.

ಸಂಜೆ ಹುಡುಗ ಬಂದ. ಪರದೆ ನೋಡಿ ಹಿಗ್ಗಿದ. ಸಾಕೆಟ್ ನೋಡಿ ಇನ್ನೂ ಹಿಗ್ಗಿದ. ಹಾಡಿನ ಪಟ್ಟಿ ತೆರೆದ. ಮುಚ್ಚಿ ಮತ್ತೆ ತೆರೆದ. ಒಂದೂ ಇರಲಿಲ್ಲ.

ಆ ಕಾರ್ಟ್ರಿಜ್‌ನಲ್ಲಿ ಹಾಡು ಉಳಿಯುವುದು ಆ ಸೆಲ್ಲಿನ ಜೀವದ ಮೇಲೆ. ಡಬ್ಬಿ ಆಫ್ ಮಾಡಿದ ಮೇಲೂ ಮೆಮೊರಿ ಚಿಪ್‌ಗೆ ಅದೇ ಹನಿ ಹನಿ ಕರೆಂಟ್ ಕೊಡುತ್ತಿರುತ್ತದೆ. ಕಿತ್ತರೆ ಚಿಪ್ ಎಲ್ಲ ಮರೆಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗೊತ್ತಿತ್ತು. ಆದರೆ ಗಡಿಯಾರ, ರಿಮೋಟ್, ತೂಕದ ಕಾಟಾ ಅಂತ ಸಾವಿರ ಸೆಲ್ ಬದಲಿಸಿದ ಕೈ, ತಲೆಯನ್ನು ಕೇಳದೆ ಮುಂದೆ ಹೋಯಿತು. ಎಂಟು ತಿಂಗಳ ಹನ್ನೊಂದು ಹಾಡು.

ಹುಡುಗ ಬೈದಿದ್ದರೆ ಸಮಾಧಾನ ಆಗ್ತಿತ್ತು. "ಇರ್ಲಿ ಬಿಡ್ರಿ ಅಣ್ಣಾರ, ನಾನೂ ಹೇಳಬೇಕಿತ್ತು" ಅಂದ. ದುಡ್ಡು ಬೇಡ ಅಂದರೂ ಕೌಂಟರ್ ಮೇಲೆ ಇಟ್ಟು ಹೋದ. ಆವತ್ತು ಎಂಟಕ್ಕೆಲ್ಲ ಶಟರ್ ಎಳೆದೆ. ಹಬ್ಬದ ಸೀಸನ್‌ನಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಮರುವಾರ ಹಳೆಯ ಕಾರ್ಟ್ರಿಜ್ ಒಂದನ್ನು ಅವನಿಂದಲೇ ತರಿಸಿಕೊಂಡು ಅಭ್ಯಾಸ ಮಾಡಿದೆ. ಎರಡು ಪೆನ್ಸಿಲ್ ಸೆಲ್ ಸೇರಿಸಿದರೆ 3 ವೋಲ್ಟ್. ಅದನ್ನು ಒಂದು ಡಯೋಡ್ ಮೂಲಕ ಮೊದಲೇ ಬೋರ್ಡಿಗೆ ಕೊಟ್ಟು, ಆಮೇಲೆ ಹಳೆಯ ಸೆಲ್ ಕೀಳಬೇಕು. ಐರನ್ ಕಾದ ಮೇಲೆ ಪ್ಲಗ್ ಕಿತ್ತು, ಆ ಬಿಸಿಯಲ್ಲೇ ಸೋಲ್ಡರ್ ಮಾಡಿ ಮುಗಿಸಬೇಕು. ಅರ್ಥಿಂಗ್ ಇರುವ ಮೊನೆ ಜೀವ ಇರುವ ಬೋರ್ಡಿಗೆ ತಗುಲುವ ಅಪಾಯ ಬೇಡ. ಇದಕ್ಕೂ ಮೊದಲು ಯುಎಸ್‌ಬಿ ರೀಡರ್‌ನಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ಇಡೀ ಸೇವ್ ಫೈಲ್ 128 ಕೆಬಿ. ವಾಟ್ಸಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೊ ಕೂಡ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತದೆ, ಅಲ್ವಾ?

ರಸೀದಿ ಪುಸ್ತಕ ಹೊಸದಾಗಿ ಮಾಡಿಸುವಾಗ ಒಂದು ಸಾಲು ಸೇರಿಸಿದೆ: "ಒಳಗೆ ಏನಿದೆ?" ಪ್ರೆಸ್ಸಿನವನು ತಪ್ಪು ಬಿದ್ದಿದೆ ಅಂದುಕೊಂಡು ಫೋನ್ ಮಾಡಿದ್ದ. ಗಿರಾಕಿಗಳೂ ಮೊದಲು ನಗುತ್ತಾರೆ. ಹೋದ ವರ್ಷ ಸವದತ್ತಿ ಕಡೆಯ ಆರ್ಕೆಸ್ಟ್ರಾದವರೊಬ್ಬರು ಕೀಬೋರ್ಡ್ ತಂದಿದ್ದರು, ಎರಡು ಕೀ ಏಳುತ್ತಿರಲಿಲ್ಲ ಅಷ್ಟೇ. ಆ ಸಾಲು ತೋರಿಸಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಲ್ಲಮ್ಮನ ಜಾತ್ರಿ ರಿದಮ್ ಎಲ್ಲಾ ಇದರಾಗ ಅದಾವ್ರಿ, ನನ್ನ ತಮ್ಮ ಮಾಡಿಟ್ಟಿದ್ದು, ಈಗ ಅಂವಾ ಇಲ್ಲ" ಅಂದರು. ಬಿಚ್ಚಿ ನೋಡಿದರೆ ಅದರಲ್ಲೂ ಒಂದು ಬಟನ್ ಸೆಲ್, ಸಾಯಲು ಬಂದಿತ್ತು. ಕೀ ಕಡೆ ಕೈ ಹಾಕಿದ್ದು ಆಮೇಲೆ.

ಹುಡುಗ ಈಗಲೂ ಬರುತ್ತಾನೆ. ಹನ್ನೊಂದರಲ್ಲಿ ಮೂರು ಹಾಡು ನೆನಪಿನಿಂದ ಮತ್ತೆ ಕಟ್ಟಿದ್ದಾನೆ. ಕರಡಿ ಮಜಲಿನದು ಮೊದಲಿನಂತೆ ಬರಲಿಲ್ಲ ಅಂತ ಅವನಿಗೆ ಅನಿಸುತ್ತದೆ, ನನಗೂ ಅನಿಸುತ್ತದೆ, ಇಬ್ಬರೂ ಹೇಳಿಕೊಂಡಿಲ್ಲ. ಮೊನ್ನೆ ಗೆಳೆಯನದೊಂದು ಕಾರ್ಟ್ರಿಜ್ ತಂದಿದ್ದ. ಒಳಗೆ ಏನೈತಿ ಅಂದೆ. "ಖಾಲಿ ಐತ್ರಿ ಅಣ್ಣಾರ, ಏನೂ ಇಲ್ಲ" ಅಂದ.

ಆದರೂ ಎರಡು ಪೆನ್ಸಿಲ್ ಸೆಲ್ ಸಿಕ್ಕಿಸಿಯೇ ಹಳೆಯದನ್ನು ಕಿತ್ತೆ.